ಮನೆಯ ಪುಸ್ತಕಗಳನ್ನು ಓಣಿಯ ಮಕ್ಕಳಿಗೆ ಕೊಡುವವರಿಗೆ

ಇಡೀ ಕಪಾಟು ತೆರೆಯಬೇಡಿ, ಮೊದಲು 50 ಪುಸ್ತಕ ಸಾಕು. ತೆಳುವಾದವನ್ನು ಮುಖಪುಟ ಕಾಣುವಂತೆ ಮಕ್ಕಳ ಎದೆಯೆತ್ತರಕ್ಕಿಡಿ. ನೋಟ್‌ಬುಕ್ಕಿನಲ್ಲಿ ಪುಸ್ತಕದ ನಂಬರು, ಮಗುವಿನ ಹೆಸರು, ಒಯ್ದ ದಿನ, ತಂದ ದಿನ ಇಷ್ಟೇ ಕಾಲಂ, ಮಗುವೇ ಬರೆಯಲಿ. ಒಮ್ಮೆಗೆ ಒಂದೇ ಪುಸ್ತಕ, 14 ದಿನ. ದಂಡ ಮಾತ್ರ ಬೇಡವೇ ಬೇಡ: ಹೆದರಿದ ಮಗು ಪುಸ್ತಕವನ್ನೂ ತರುವುದಿಲ್ಲ, ತಾನೂ ಬರುವುದಿಲ್ಲ.

ಹಾಳೆ ಹರಿದರೆ ಸೆಲೋಟೇಪ್ ಹಚ್ಚಬೇಡಿ. ಕಾಲ ಕಳೆದಂತೆ ಅದರ ಅಂಟು ಕಾಗದಕ್ಕಿಳಿದು ಹಳದಿ ಕಲೆಯಾಗುತ್ತದೆ. ಮೈದಾ ಗಂಜಿಯನ್ನು ತೆಳುವಾಗಿ ಸವರಿ ಟಿಶ್ಯೂ ಕಾಗದದ ಪಟ್ಟಿ ಅಂಟಿಸಿ, ಎರಡೂ ಬದಿಗೆ ಬಟರ್ ಪೇಪರ್ ಇಟ್ಟು ರಾತ್ರಿಯಿಡೀ ಭಾರ ಹೇರಿ. ಬಟರ್ ಪೇಪರ್ ಮರೆತರೆ ಪಕ್ಕದ ಪುಟವೂ ಅಂಟಿಕೊಳ್ಳುತ್ತದೆ. ಗಂಜಿ ದಪ್ಪವಾದರೆ ಮಳೆಗಾಲದಲ್ಲಿ ಹುಳ ಗ್ಯಾರಂಟಿ.

ಮತ್ತೆ ಸಿಗದ ಹಳೆಯ ಪ್ರತಿಗಳನ್ನು ಮಾತ್ರ ನಿಮ್ಮ ಮನೆಯಲ್ಲೇ ಕೂತು ಓದಲು ಕೊಡಿ.