ಡೆಂಜಿ (ಏಡಿ) ಬಿಲದ ಅಚ್ಚು: ಮಲ್ಪೆ ಮರಳಿನ ಪಳೆಯುಳಿಕೆ

"ಮಲ್ಪೆಯಲ್ಲಿ ಎಂಥ ಪಳೆಯುಳಿಕೆ ಮಾರಾಯ್ರೆ" ಎಂದು ನಕ್ಕವರೇ ಜಾಸ್ತಿ. ಅವರ ಮಾತು ಅರ್ಧ ಸರಿ. ನಮ್ಮ ಕರಾವಳಿಯ ಬಂಡೆ ಹೆಚ್ಚಾಗಿ ಗ್ರಾನೈಟ್, ನೈಸ್ ಎಂಬ ಪಟ್ಟೆಗಲ್ಲು. ಅದರ ಮೇಲೆ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ. ಇವುಗಳಲ್ಲಿ ಚಿಪ್ಪು, ಎಲುಬು ಹುಡುಕಿ ಪ್ರಯೋಜನವಿಲ್ಲ. ಅಮ್ಮೋನೈಟ್ ಎಂಬ ಸುರುಳಿ ಚಿಪ್ಪಿನ ಪಳೆಯುಳಿಕೆ ಬೇಕಾದವರು ತಮಿಳುನಾಡಿನ ಅರಿಯಲೂರಿಗೆ ಹೋಗಬೇಕು. ಆದರೆ ಪ್ರಾಣಿಯ ಬಿಲ, ಹೆಜ್ಜೆಗುರುತು ಕಲ್ಲಾಗಿ ಉಳಿದರೆ ಅದೂ ಪಳೆಯುಳಿಕೆಯೇ. ಬಿಲ ಕೊರೆಯುವ ಡೆಂಜಿಗೆ ಇಲ್ಲಿ ಬರವಿಲ್ಲ. ಅದರ ಬಿಲಕ್ಕೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹೊಯ್ದು ಅಚ್ಚು ತೆಗೆಯುವುದೇ ನಮ್ಮ ರಜೆಯ ಕೆಲಸ. ಈಗ ಹತ್ತಕ್ಕೆ ಏಳು ಇಡಿಯಾಗಿ ಬರುತ್ತವೆ.

ಮೊದಲಿಗೆ ಒಂದೂ ಬರಲಿಲ್ಲ. ಹೊಯ್ದದ್ದು ಗೇಣುದ್ದ ಇಳಿದು ಗಂಟಲಲ್ಲೇ ನಿಲ್ಲುತ್ತಿತ್ತು. ಕಾರಣ ಸಮುದ್ರದ ನೀರು. ಉಪ್ಪು ಸೇರಿದರೆ ಪಿಒಪಿ ಬೇಗ ಗಟ್ಟಿಯಾಗುತ್ತದೆ, ತಳ ಮುಟ್ಟುವಷ್ಟು ಹೊತ್ತು ಕೊಡುವುದಿಲ್ಲ. ಮನೆಯಿಂದಲೇ ಬಾವಿ ನೀರು ಒಯ್ಯಬೇಕು, ನಾಲ್ಕು ಬಿಲಕ್ಕೆ 5 ಲೀಟರ್ ಸಾಕು. ಇನ್ನೊಂದು ಕಾರಣ ಒಣ ಮರಳು. ಮಧ್ಯಾಹ್ನದ ಮರಳು ಹಿಟ್ಟಿನ ನೀರನ್ನೆಲ್ಲ ಹೀರಿಬಿಡುತ್ತದೆ. ಬೆಳಗ್ಗೆ, ಇಳಿತದ ಹೊತ್ತಿಗೆ ಹೋಗಿ, ಬಿಲದ ಬಾಯಿಗೆ ಮೊದಲು ಒಂದು ಲೋಟ ಸಿಹಿನೀರು ನಿಧಾನ ಬಿಡಬೇಕು.

ಕಲಸುವುದು ಅಳತೆಯಲ್ಲಿ ಸಮಸಮ, ದೋಸೆ ಹಿಟ್ಟಿಗಿಂತ ತೆಳು. ಮೂರು ಸೆಂಟಿಮೀಟರ್ ಬಾಯಿಯ ಬಿಲಕ್ಕೆ ಮುಕ್ಕಾಲು ಕಿಲೋ ಪುಡಿ ಹಿಡಿಯುತ್ತದೆ. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರಲ್ಲ. ನಿಲ್ಲಿಸದೆ, ಒಂದೇ ಬದಿಯಿಂದ ಹೊಯ್ಯಬೇಕು. ನಡುವೆ ತಡೆದರೆ ಗಾಳಿ ಸಿಕ್ಕಿ ಅಚ್ಚು ಅಲ್ಲೇ ಮುರಿಯುತ್ತದೆ. ಗಟ್ಟಿಯಾಗುವಾಗ ಪಿಒಪಿ ಸುಡುವಷ್ಟು ಬಿಸಿಯಾಗುತ್ತದೆ, ಮಕ್ಕಳು ಅದರೊಳಗೆ ಕೈ ಹಾಕಿ ಇಡಬಾರದು. ಒಂದೂವರೆ ಗಂಟೆ ಕಾಯಲೇಬೇಕು. ಆಮೇಲೂ ಎಳೆದರೆ ಮೂರು ತುಂಡು ಗ್ಯಾರಂಟಿ. ಒಂದು ಅಡಿ ದೂರದಲ್ಲಿ ಹೊಂಡ ತೋಡಿ, ಬದಿಯಿಂದ ಮರಳು ಕೆರೆದು, ಎರಡು ಕೈಯಲ್ಲಿ ಮಗುವಿನ ಹಾಗೆ ಎತ್ತಬೇಕು. ಅಂಟಿದ ಮರಳನ್ನು ಅಲ್ಲೇ ತೊಳೆಯಬಾರದು. ಎರಡು ದಿನ ನೆರಳಲ್ಲಿ ಒಣಗಿಸಿ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಸಾಕು. ಮುರಿದದ್ದಕ್ಕೆ ಫೆವಿಕಾಲ್.

ಬಿಲ ಆರಿಸುವುದರಲ್ಲೇ ಅರ್ಧ ಕೆಲಸ. ಬಾಯಲ್ಲಿ ಹೊಸ ಮರಳು ಗುಡ್ಡೆ, ಕಾಲಿನ ಗೀರು ಇದ್ದರೆ ಒಳಗೆ ಡೆಂಜಿ ಇದೆ, ಬಿಟ್ಟುಬಿಡಿ. ಅಂಚು ಕುಸಿದ, ಜೇಡರ ಬಲೆ ಕಟ್ಟಿದ ಬಿಲ ಬೇಕು. ನೀರಿನ ಹತ್ತಿರದವು ಸಣ್ಣ, ಮೇಲಿನವು ಆಳ. ಆಕಾರ ಇಂಗ್ಲಿಷಿನ ಜೆ, ಯು, ವೈ. ವೈ ಬಂದ ದಿನ ಹಬ್ಬ. ಕುಂದಾಪುರ ಕೋಡಿಯಂಥ ಕಡಲಾಮೆ ಮೊಟ್ಟೆಯಿಡುವ ಜಾಗದಲ್ಲಿ ಮಾತ್ರ ಗುದ್ದಲಿ ಮುಟ್ಟಬೇಡಿ. ಚೆಲ್ಲಿದ ಪಿಒಪಿಯನ್ನೂ ಹೆಕ್ಕಿ ತನ್ನಿ, ಬಕೆಟ್ ಸಮುದ್ರದಲ್ಲಿ ತೊಳೆಯಬಾರದು.

ದುಡ್ಡಿನ ವಿಷಯ. ಪುಡಿಗೆ ನಾವು ಕೊಟ್ಟದ್ದು ಕಿಲೋಗೆ 30-40 ರೂಪಾಯಿ, ಅಚ್ಚೊಂದಕ್ಕೆ ಸುಮಾರು 22-30 ಬಿತ್ತು. ಉಳಿತಾಯವಾಗಲಿ ಎಂದು ದೊಡ್ಡ ಚೀಲ ತಂದು ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟದ್ದು ದಂಡ. ತೇವ ಹೀರಿದ ಪುಡಿ ಗಂಟು ಕಟ್ಟಿ, ಗಟ್ಟಿಯೇ ಆಗಲಿಲ್ಲ. ಹಾಳಾದದ್ದೆಲ್ಲ ಸೇರಿ ಸಾವಿರದ ಮೇಲೆ ಹೋಗಿದೆ. ಈಗ ಸಣ್ಣ ಪೊಟ್ಟಣ, ಬಿಗಿ ಡಬ್ಬಿ.

ಮೇಣವನ್ನೂ ಹೊಯ್ದು ನೋಡಿದ್ದುಂಟು: ಒದ್ದೆ ಮರಳು ತಾಗಿದ ಕೂಡಲೇ ಹೆಪ್ಪುಗಟ್ಟಿ ಬಾಯಲ್ಲೇ ನಿಂತಿತು. ಸಿಮೆಂಟು ಗಟ್ಟಿಯಾಗುವ ಮೊದಲೇ ಉಬ್ಬರ ಬಂತು. ಕೊಕ್ಕರೆ ಹೆಜ್ಜೆಗೆ ಮಾತ್ರ ದಪ್ಪ ಹಿಟ್ಟು, ಎರಡು ಪಾಲು ಪುಡಿಗೆ ಒಂದು ಪಾಲು ನೀರು. ಸುತ್ತ ರಟ್ಟಿನ ಪಟ್ಟಿ ನಿಲ್ಲಿಸಿ ಚಮಚದಲ್ಲಿ ಹಾಕಿದರೆ ಉಗುರು ಸಮೇತ ಬರುತ್ತದೆ. ಪುಡಿಗೆ ಒಂದು ಹಿಡಿ ಜರಡಿ ಹಿಡಿದ ಕೆಮ್ಮಣ್ಣು ಬೆರೆಸಿದರೆ ಮುರಕಲ್ಲಿನದೇ ಬಣ್ಣ. ನಕ್ಕವರಲ್ಲಿ ಇಬ್ಬರು ಅದನ್ನು ನಿಜವಾದ ಕಲ್ಲೆಂದೇ ತಿಳಿದು ಎಲ್ಲಿ ಸಿಕ್ಕಿತು ಎಂದು ಕೇಳಿದ್ದಾರೆ.