ಮಾರುವ ಮುಂಚೆ ಹಳೇ ಮದ್ರಾಸ್ ತಾರಸಿ ಮನೆ ರಿಪೇರಿ: ಚಿಕ್ಕಬಳ್ಳಾಪುರದಲ್ಲಿ ನನ್ನ ಅನುಭವ

ಚಿಕ್ಕಬಳ್ಳಾಪುರದ ಹಳೇ ಬೀದಿಗಳಲ್ಲಿ ಮಣ್ಣಿನ ಗೋಡೆ, ಮರದ ತೊಲೆ, ಮೇಲೆ ಮದ್ರಾಸ್ ತಾರಸಿ (ಮರದ ಮೇಲೆ ಇಟ್ಟಿಗೆ, ಸುಣ್ಣದ ಗಾರೆಯಲ್ಲಿ ಕಟ್ಟಿದ ಮಾಳಿಗೆ) ಇರುವ ಮನೆಗಳು ಈಗಲೂ ಸಿಗುತ್ತವೆ. ಮಾರಲು ಹೊರಟವರು ಮೊದಲು ಕೈಹಾಕುವುದು ಬಣ್ಣಕ್ಕೆ. ನನ್ನ ಲೆಕ್ಕದಲ್ಲಿ ಬಣ್ಣ ಕೊನೆಯ ಕೆಲಸ.

ಮೊದಲ ಕೆಲಸ ಕಾಗದಪತ್ರ. ಪಿತ್ರಾರ್ಜಿತ ಮನೆಯಾದರೆ ವಂಶವೃಕ್ಷ ತೆಗೆಸಿ, ಹೆಣ್ಣುಮಕ್ಕಳೂ ಸೇರಿ ಹಕ್ಕುದಾರರೆಲ್ಲ ಸಹಿಗೆ ಒಪ್ಪಿದ ಮೇಲೇ ಒಂದು ಮೂಟೆ ಸುಣ್ಣ ತರಿಸಬೇಕು. ಇ-ಖಾತಾ (ಆಸ್ತಿಯ ಕಂಪ್ಯೂಟರ್ ಖಾತೆ) ಇಲ್ಲದೆ ನೋಂದಣಿ ಆಗದು. ಅದರಲ್ಲಿರುವ ಅಳತೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಹಳೇ ಕ್ರಯಪತ್ರಕ್ಕೆ ತಾಳೆಯಾಗಬೇಕು. ಖಾತಾ ಕೆಲಸ ತಿಂಗಳುಗಟ್ಟಲೆ ಹಿಡಿಯುವುದರಿಂದ, ಸಹಿಗೆ ಒಪ್ಪಿಗೆ ಸಿಕ್ಕ ಮೇಲೆ ಅದಕ್ಕೆ ರಿಪೇರಿ ಜೊತೆಜೊತೆಗೇ ಓಡಾಡುವುದು ಲೇಸು.

ಇನ್ನು ಮಾಳಿಗೆ. ತೊಲೆ, ಅದರ ಮೇಲೆ ಜಂತೆ (ಸಾಲಾಗಿ ಇಟ್ಟ ಸಣ್ಣ ಅಡ್ಡಮರ), ಜಂತೆ ಮೇಲೆ ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕಟ್ಟಿದ ತೆಳು ಇಟ್ಟಿಗೆ, ಆಮೇಲೆ ಇಟ್ಟಿಗೆ ಜಲ್ಲಿ ಗಾರೆ, ಎಲ್ಲಕ್ಕೂ ಮೇಲೆ ಚಪ್ಪಟೆ ಹೆಂಚು. ಸೋರಿದಾಗಲೆಲ್ಲ ಮೇಲೊಂದು ಪದರ ಸಿಮೆಂಟ್ ಬಳಿಯುವುದು ಇಲ್ಲಿನ ರೂಢಿ. ಆದರೆ ಒಂದು ಚದರಡಿಗೆ ಒಂದು ಇಂಚು ಸಿಮೆಂಟ್ ಗಾರೆ ಅಂದರೆ ಸುಮಾರು 5 ಕೆಜಿ. 10×12 ಅಡಿ ಕೋಣೆಯ ಮೇಲೆ ಹೀಗೆ 3 ಇಂಚು ಸೇರಿದರೆ ಹಳೇ ಜಂತೆಗಳ ಮೇಲೆ ಹತ್ತಿರಹತ್ತಿರ 2 ಟನ್ ಹೆಚ್ಚುವರಿ ಭಾರ. ಜಂತೆ ಬಾಗುತ್ತದೆ, ಇಟ್ಟಿಗೆ ಸಂದಿ ಬಿಡುತ್ತದೆ, ಮತ್ತೆ ಸೋರುತ್ತದೆ, ಮತ್ತೆ ಸಿಮೆಂಟ್.

ಆದ್ದರಿಂದ ಕೆಳಗಿನಿಂದ ಜಾಕಿ ಕೊಟ್ಟು, ಆಮೇಲೆ ಮೇಲಿನ ಸಿಮೆಂಟನ್ನು ಉಳಿ-ಸುತ್ತಿಗೆಯಲ್ಲಿ ಎಬ್ಬಿಸಬೇಕು. ಬ್ರೇಕರ್ ಮೆಷಿನ್ ಬೇಡವೇ ಬೇಡ; ಅದರ ಅದುರಿಗೆ ಗಟ್ಟಿ ಇಟ್ಟಿಗೆಯೂ ಕಳಚಿಕೊಳ್ಳುತ್ತದೆ. ತೊಲೆಯ ನಡುಭಾಗ ನೋಡಿ ಮೋಸಹೋಗಬೇಡಿ. ಕೊಳೆಯುವುದು ಗೋಡೆಯೊಳಗೆ ಹೊಕ್ಕಿರುವ ತುದಿ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದಾಗ ಅರ್ಧ ಇಂಚು ಇಳಿದರೆ ಆ ತುದಿ ಹೋಯಿತು ಅಂತಲೇ ಲೆಕ್ಕ. ಕೆಟ್ಟಷ್ಟು ಕೊಯ್ದು, ಎರಡೂ ಪಕ್ಕ ಕಬ್ಬಿಣದ ಚಾನೆಲ್ ಇಟ್ಟು ಬೋಲ್ಟ್ ಬಿಗಿದು, ತುದಿಯ ಸುತ್ತ ಗಾಳಿಯಾಡಲು ಸಂದು ಬಿಟ್ಟರೆ ಸಾಕು, ಇಡೀ ತೊಲೆ ಬದಲಿಸುವ ಖರ್ಚು ಉಳಿಯುತ್ತದೆ. ಚಾನೆಲ್ ಅಳತೆಯನ್ನು ಮಾತ್ರ ಎಂಜಿನಿಯರ್ ಹೇಳಲಿ.

ಹಳೇ ಗಾರೆ ತೆಗೆದ ಜಾಗಕ್ಕೆ ಹಾಕುವ ಹೊಸ ಗಾರೆಗೆ 5 ಭಾಗ ಇಟ್ಟಿಗೆ ಜಲ್ಲಿ, 2 ಭಾಗ ಅರಳಿಸಿದ ಸುಣ್ಣ, ದಪ್ಪ 3 ಇಂಚು, ಇಳಿಜಾರು 10 ಅಡಿಗೆ 2 ಇಂಚು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಮರದ ಕೊಡತಿಯಿಂದ ಬಡಿಯಬೇಕು. ಮೊದಲ ದಿನ ಏಟು ಮೆತ್ತಗೆ ಬೀಳುತ್ತದೆ. ಮೂರನೇ ದಿನದ ಹೊತ್ತಿಗೆ ಕೊಡತಿ ಪುಟಿದು ವಾಪಸ್ ಬರುತ್ತದೆ. ಪುಟಿಯುವ ತನಕ ನಿಲ್ಲಿಸಬಾರದು. ಕಂಟ್ರಾಕ್ಟರು ಕದಿಯುವುದು ಇಲ್ಲೇ, ಒಂದೇ ದಿನ ಬಡಿಸಿ ಹೆಂಚು ಕೂರಿಸಿಬಿಡುತ್ತಾರೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರಿಗೆ. ಹಾಗಾಗಿ ನಾನು ಈ ಕೆಲಸ ಇಟ್ಟುಕೊಳ್ಳುವುದು ಜನವರಿ-ಫೆಬ್ರವರಿಯಲ್ಲಿ. ಏಪ್ರಿಲ್ ಬಿಸಿಲಿಗೆ ಸುಣ್ಣ ಬೇಗ ಒಣಗಿ ಬಿರಿಯುತ್ತದೆ.

ಗೋಡೆಯ ಕೆಳಗಿನ ಮೂರಡಿ ತೇವಕ್ಕೆ ಕಾರಣ ಹೆಚ್ಚಾಗಿ ಬೀದಿಯಲ್ಲೇ ಇರುತ್ತದೆ. ರಸ್ತೆ ಮೇಲೆ ರಸ್ತೆ ಹಾಕಿ ಜಗಲಿಯ ಮಟ್ಟಕ್ಕೆ ಬಂದಿರುತ್ತದೆ, ನೀರು ಪಾಯಕ್ಕೆ ಇಳಿಯುತ್ತದೆ. ಮೊದಲು ಗೋಡೆಗುಂಟ ಕಾಲುವೆ ತೆಗೆದು ನೀರು ಆಚೆ ಹೋಗುವಂತೆ ಮಾಡಬೇಕು. ಆಮೇಲೆ ಸಿಮೆಂಟ್ ಗಿಲಾವು ಕೆರೆದು ಒಂದು ತಿಂಗಳಾದರೂ ಗೋಡೆ ಆರಲು ಬಿಡಬೇಕು. ಸಿಮೆಂಟ್ ತೇವವನ್ನು ಹೊರಬಿಡುವುದಿಲ್ಲ. ನೀರು ಇನ್ನೂ ಮೇಲಕ್ಕೆ ಹತ್ತಿ, ಅದರ ಉಪ್ಪು ಹರಳುಗಟ್ಟಿ ಗಿಲಾವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಹೊಸ ಗಿಲಾವು ಒಂದಕ್ಕೆ ಮೂರರ ಸುಣ್ಣ-ಮರಳು, ಎರಡು ಪದರ. ಸುಣ್ಣ ಕನಿಷ್ಠ 15 ದಿನ ನೀರಲ್ಲಿ ನೆನೆದಿರಬೇಕು, ಇಲ್ಲದಿದ್ದರೆ ಅರಳದೆ ಉಳಿದ ಕಾಳು ಗೋಡೆಯಲ್ಲೇ ಅರಳಿ ಗುಳ್ಳೆ ಸಿಡಿಯುತ್ತದೆ. ಮೇಲೆ ಸುಣ್ಣವನ್ನೇ ಬಳಿಯಿರಿ. ಪ್ಲಾಸ್ಟಿಕ್ ಪೇಂಟ್ ಬಳಿದರೆ ಇಷ್ಟೂ ಶ್ರಮ ನೀರುಪಾಲು.

ಗೆದ್ದಲಿಗೆ ಗೋಡೆ-ನೆಲ ಕೂಡುವಲ್ಲಿ ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು, ತೂತಿಗೆ ಹೆಚ್ಚೆಂದರೆ ಒಂದು ಲೀಟರ್ ಔಷಧ ಬಿಡಿಸಬೇಕು. ವೈರಿಂಗ್ ಪೂರ್ತಿ ಹೊಸದು, ಅರ್ಥಿಂಗ್ ಸಮೇತ. ಆದರೆ ರೆಡ್ ಆಕ್ಸೈಡ್ ನೆಲದ ಬಿರುಕಿಗೆ ತೇಪೆ ಹಾಕಲೇಬೇಡಿ, ಬಣ್ಣ ಯಾವತ್ತೂ ಹೊಂದುವುದಿಲ್ಲ.

ಬ್ಯಾಂಕಿನ ವ್ಯಾಲ್ಯುಯರ್ ಮಣ್ಣಿನ ಗೋಡೆಗೆ ಹೆಚ್ಚು ಬೆಲೆ ಕಟ್ಟುವುದಿಲ್ಲ, ಸೈಟಿನ ಲೆಕ್ಕವೇ ಮುಂದೆ ಬರುತ್ತದೆ. ಅದಕ್ಕೇ ಗಾರೆ ಮುಚ್ಚುವ ಮುಂಚೆ ಪ್ರತಿ ತೊಲೆ ತುದಿಯ ಫೋಟೊ ತೆಗೆದು, ಬಿಲ್ಲುಗಳ ಜೊತೆ ಒಂದು ಕಡತದಲ್ಲಿಟ್ಟು ಕೊಳ್ಳುವವರ ಕೈಗೆ ಕೊಡುತ್ತೇನೆ. ಬಿಲ್ಲಿನ ಇನ್ನೊಂದು ಪ್ರತಿ ನಮ್ಮಲ್ಲೇ ಇರಲಿ: ತೆರಿಗೆಯವರ ಮುಂದೆ ಸುಧಾರಣೆ ವೆಚ್ಚ ತೋರಿಸಲು ಬೇಕಾಗುತ್ತದೆ.