ಅಟ್ಟದ ಮೇಲಿನ ತೊಟ್ಟಿಲನ್ನು ಹರಾಜಿಗಿಡುವ ಮುನ್ನ

ಮಕ್ಕಳ ಸಾಮಾನು ಅಟ್ಟ ಹತ್ತಿದ ದಿನದಿಂದಲೇ ಅದರ ಬೆಲೆ ಇಳಿಯತೊಡಗುತ್ತದೆ. ಇದು ನನಗೆ ಗೊತ್ತಾದದ್ದು ಮೊದಲ ಮೊಮ್ಮಗನ ಸಾಮಾನನ್ನು ನಾಲ್ಕು ವರ್ಷ ಜೋಪಾನವಾಗಿಟ್ಟು, ಕೊನೆಗೊಂದು ದಿನ ಕೆಳಗಿಳಿಸಿದಾಗ. ಎತ್ತಿಡುವಾಗ ಬೆಳ್ಳಗಿದ್ದ ಅಂಗಿಗಳ ಕೊರಳ ಸುತ್ತ ಹಳದಿ ಕಲೆ ಎದ್ದಿತ್ತು. ಎಲಾಸ್ಟಿಕ್ ಎಳೆದರೆ ಸಡಿಲವಾಗಿ ಹಾಗೇ ಉಳಿಯುತ್ತಿತ್ತು. ಸ್ಟ್ರಾಲರ್‌ನ (ಮಗುವನ್ನು ಕೂರಿಸಿ ತಳ್ಳುವ ಗಾಡಿ) ಆ ಮಾದರಿಯನ್ನು ಕೇಳುವವರೇ ಇರಲಿಲ್ಲ. ‘ಇನ್ನೊಂದು ಮಗುವಾದರೆ ಬೇಕಾಗುತ್ತೆ’ ಅಂತ ಇಟ್ಟದ್ದು. ಇನ್ನೊಂದು ಮಗುವೂ ಆಯಿತು. ಸೊಸೆ ಎಲ್ಲವನ್ನೂ ಹೊಸದಾಗಿಯೇ ತಂದಳು. ಅವಳದ್ದು ತಪ್ಪು ಅಂತ ನಾನು ಹೇಳಲಾರೆ. ಎರಡನೆಯ ಸಲ ಮಾತ್ರ ನಾನು ಕಾಯಲಿಲ್ಲ. ಅಂಗಿ ಬಿಗಿಯಾದ ವಾರವೇ ಒಗೆದು, ಫೋಟೊ ತೆಗೆದು, ಆನ್‌ಲೈನ್ ಹರಾಜಿಗೆ ಹಾಕಿಸಿದೆ.

ಈ ವ್ಯಾಪಾರ ನಡೆಯುವುದೇ ಮಕ್ಕಳು ಬೆಳೆಯುವ ಆತುರದಿಂದ. ಹುಟ್ಟಿದಾಗಿನ ತೂಕ ಸುಮಾರು ಐದು ತಿಂಗಳಿಗೆ ಇಮ್ಮಡಿಯಾಗುತ್ತದೆ, ವರ್ಷ ತುಂಬುವ ಹೊತ್ತಿಗೆ ಮೂರು ಪಟ್ಟು. ಉದ್ದವೂ ಮೊದಲ ವರ್ಷದಲ್ಲೇ ಸುಮಾರು 25 ಸೆಂ.ಮೀ. ಹೆಚ್ಚುತ್ತದೆ. ಹಾಗಾಗಿ ಮೊದಲ ಮೂರು ತಿಂಗಳ ಬಟ್ಟೆಯನ್ನು ಮಗು ತೊಡುವುದು ಕೆಲವೇ ವಾರ, ಬಟ್ಟೆ ಸವೆಯಲು ಪುರಸೊತ್ತೇ ಇರುವುದಿಲ್ಲ. ಕೊಳ್ಳುವವರಿಗೆ ಇದು ಚೆನ್ನಾಗಿ ಗೊತ್ತು.

ಆದರೆ ಎಲ್ಲವನ್ನೂ ಮಾರಬಾರದು. ನಾನು ಮೊದಲು ಮಾಡುವ ಕೆಲಸ ಮಾರಬಾರದ್ದನ್ನು ಬೇರ್ಪಡಿಸುವುದು. ಕಾರ್ ಸೀಟಿನ, ಅಂದರೆ ಕಾರಿನಲ್ಲಿ ಮಗುವನ್ನು ಕೂರಿಸಿ ಬೆಲ್ಟು ಬಿಗಿಯುವ ಆಸನದ, ತಳದಲ್ಲೋ ಬೆನ್ನಿನಲ್ಲೋ ತಯಾರಾದ ದಿನಾಂಕ ಒತ್ತಿರುತ್ತಾರೆ. ಬಹಳಷ್ಟು ತಯಾರಕರು ಅಲ್ಲಿಂದ 6ರಿಂದ 10 ವರ್ಷದ ಆಯುಷ್ಯ ಹೇಳುತ್ತಾರೆ. ಬಿಸಿಲು, ಸೆಕೆಗೆ ಪ್ಲಾಸ್ಟಿಕ್ ಒಳಗೊಳಗೇ ಬಿರುಸಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಪಘಾತ ಕಂಡ ಸೀಟಂತೂ ಹೊರಗೆ ಒಂದು ಗೀರಿಲ್ಲದಿದ್ದರೂ ಮಾರುವ ವಸ್ತುವಲ್ಲ. ಒಂದು ಬದಿ ಕೆಳಗೆ ಜಾರಿಸುವ ಕಟಕಟೆಯ ಮಂಚವನ್ನು ಒಂದು ಕಾಲದಲ್ಲಿ ಎಲ್ಲರೂ ಮೆಚ್ಚುತ್ತಿದ್ದರು. ಆ ಬದಿ ಕಳಚಿಕೊಂಡು ಮಕ್ಕಳು ಸಂದಿಯಲ್ಲಿ ಸಿಕ್ಕಿಕೊಂಡ ಮೇಲೆ ಅಮೆರಿಕದಲ್ಲಿ 2011ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿದರು. ಬೇರೆ ಮಂಚವಾದರೂ ಸರಳುಗಳ ನಡುವೆ ಅಳತೆಪಟ್ಟಿ ಹಿಡಿದು ನೋಡಿ, 6 ಸೆಂ.ಮೀ.ಗಿಂತ ಅಗಲವಿದ್ದರೆ ಬೇಡ. ಗಾಲಿಯ ವಾಕರ್ ಇನ್ನೊಂದು. ಕೆನಡಾ 2004ರಲ್ಲಿ ಅದನ್ನು ನಿಷೇಧಿಸಿದಾಗ ಬಳಸಿದ ವಾಕರನ್ನು ಮಾರುವುದನ್ನೂ ಸೇರಿಸಿಯೇ ನಿಷೇಧಿಸಿತು. ಮೆಟ್ಟಿಲಿನಿಂದ ಉರುಳಿದ ಮಕ್ಕಳು ಅಷ್ಟಿದ್ದರು. ಒಬ್ಬರ ಬಳಕೆಗೆಂದೇ ಮಾಡಿದ ಎದೆಹಾಲಿನ ಪಂಪಿನ ಒಳಗೆ ಹನಿ ಹೊಕ್ಕಿದ್ದರೆ ಎಷ್ಟು ಕುದಿಸಿದರೂ ಅಲ್ಲಿಗೆ ನೀರು ಮುಟ್ಟದು. ಬಾಟಲಿಯ ನಿಪ್ಪಲ್, ಬಣ್ಣ ಕಿತ್ತ ಹಳೆಯ ಆಟಿಕೆ, ಬಟನ್ ಸೆಲ್ಲಿನ ಮುಚ್ಚಳ ಸಡಿಲವಾದ ಗಿಲಕಿ ಇವನ್ನೂ ಪಕ್ಕಕ್ಕಿಡಿ. ಉಳಿದವುಗಳ ತಯಾರಕರ ಹೆಸರು, ಮಾದರಿ ಸಂಖ್ಯೆ ಹಾಕಿ ಹುಡುಕಿ, ಕಂಪನಿ ಅದನ್ನು ಹಿಂದಕ್ಕೆ ಕರೆಸಿಕೊಂಡಿದೆಯೇ ಅಂತ ಒಮ್ಮೆ ನೋಡಿಬಿಡಿ. ಐದು ನಿಮಿಷದ ಕೆಲಸ.

ಹಳದಿ ಕಲೆಯ ಗುಟ್ಟು ಹೀಗಿದೆ. ಮಗು ಕಕ್ಕಿದ ಹಾಲಿನ ಜಿಡ್ಡು ಒಗೆದರೂ ಎಳೆಯಲ್ಲಿ ಸ್ವಲ್ಪ ಉಳಿದಿರುತ್ತದೆ. ತಿಂಗಳುಗಟ್ಟಲೆ ಗಾಳಿ ತಾಗಿ ಬಣ್ಣ ತಿರುಗುತ್ತದೆ. ಹಾಲಿನ ಕಲೆಗೆ ಮೊದಲೇ ಬಿಸಿನೀರು ಹಾಕಿದಿರೋ ಕೆಟ್ಟಿತು, ಕಲೆ ಅಲ್ಲೇ ಬೆಂದು ಕೂತುಬಿಡುತ್ತದೆ. ತಣ್ಣೀರಲ್ಲಿ ಆಡಿಸಿ, ಎಂಜೈಮ್ ಇರುವ ಸೋಪಿನ ಪುಡಿಯಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ಒಗೆದು ಬಿಸಿಲಿಗೆ ಹರವಿ. ಎತ್ತಿಡುವಾಗ ನುಸಿಗುಳಿಗೆ ಮಾತ್ರ ಹಾಕಬೇಡಿ. ನಮ್ಮ ಕಾಲದಲ್ಲಿ ಹಾಕುತ್ತಿದ್ದೆವು, ನಿಜ. ಅದರ ನ್ಯಾಫ್ತಲೀನ್ ಬಟ್ಟೆಗೆ ಹತ್ತಿಕೊಂಡು, ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದ ಕಡಿಮೆಯಿರುವ ಕೂಸುಗಳ ರಕ್ತಕಣಗಳನ್ನು ಒಡೆಯುತ್ತದೆ. ಕೊಂಡವರ ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ನಮಗೇನು ಗೊತ್ತು? ಘಾಟು ವಾಸನೆಯ ಫ್ಯಾಬ್ರಿಕ್ ಕಂಡಿಷನರೂ ಬೇಡ, ಒಗೆದ ಬಟ್ಟೆಗೆ ಒಗೆದ ಬಟ್ಟೆಯ ವಾಸನೆಯೇ ಸಾಕು. ಸ್ಟ್ರಾಲರ್‌ನ ಗಾಲಿಗೆ ಸುತ್ತಿದ ಕೂದಲನ್ನು ಚಿಮುಟದಿಂದ ಎಳೆದು ತೆಗೆಯಿರಿ. ಸೀಟಿನ ಬೆಲ್ಟುಗಳಿಗೆ ಮಾತ್ರ ಬ್ಲೀಚ್ ತಾಗಿಸಬಾರದು, ಮೆಷಿನ್ನಿಗೂ ಹಾಕಬಾರದು. ಎಳೆಯ ಬಲ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ.

ಫೋಟೊಕ್ಕೆ ಕಿಟಕಿಯ ಪಕ್ಕದ ಹಗಲು ಬೆಳಕು ಸಾಕು. ಹಿಂದೆ ಒಂದು ಬಿಳಿ ಹಾಸು, ಅಷ್ಟೆ. ಮಗುವಿಗೆ ತೊಡಿಸಿ ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ. ಮಗುವಿನ ಮುಖ ಅಪರಿಚಿತರ ಫೋನಿನಲ್ಲಿ ಏಕೆ ಉಳಿಯಬೇಕು? ಕಸೂತಿ ಹಾಕಿದ ಹೆಸರನ್ನೂ ಮರೆಮಾಡಿ. ಫೋನ್ ತೆಗೆದ ಚಿತ್ರದೊಳಗೆ ಮನೆಯಿರುವ ಜಾಗದ ಗುರುತು ಅಡಗಿರಬಹುದು; ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಲೊಕೇಷನ್ ಆಫ್ ಮಾಡಿಸಿ, ಆಮೇಲೆ ಕ್ಲಿಕ್ಕಿಸಿ.

ಕುಂದುಗಳನ್ನು ಮುಚ್ಚಿಡಬೇಡಿ, ಅವಕ್ಕೇ ಒಂದು ಫೋಟೊ ಕೊಡಿ. ಗೀರು, ಕಲೆ, ಕಳೆದುಹೋದ ಗುಂಡಿ, ಎಲ್ಲ. ಆನ್‌ಲೈನ್ ಹರಾಜಿನ ತಾಣ ಇಬೇ 1995ರಲ್ಲಿ ಶುರುವಾದಾಗ ಅದರ ಸ್ಥಾಪಕ ಪಿಯರ್ ಒಮಿಡ್ಯಾರ್ ಹರಾಜಿಗಿಟ್ಟ ಮೊದಲ ವಸ್ತು ಕೆಟ್ಟುಹೋದ ಲೇಸರ್ ಪಾಯಿಂಟರ್. ಕೆಟ್ಟಿದೆ ಅಂತ ಹೇಳಿಯೇ ಇಟ್ಟಿದ್ದ. ಕೆಟ್ಟ ಪಾಯಿಂಟರುಗಳನ್ನೇ ಕೂಡಿಡುವ ಒಬ್ಬ ಸಂತೋಷದಿಂದ ಕೊಂಡ. ನಾನೂ ಒಂದು ಆಟದ ಚಾಪೆಯನ್ನು ‘ಗಂಟೆಗಳಲ್ಲೊಂದು ಸದ್ದು ಮಾಡುವುದಿಲ್ಲ’ ಅಂತ ಮೊದಲ ಸಾಲಿನಲ್ಲೇ ಬರೆದು ಇಟ್ಟಿದ್ದೆ. ಸರಿಯಾಗಿದ್ದ ಇನ್ನೊಂದಕ್ಕಿಂತ ಇದಕ್ಕೇ ಹೆಚ್ಚು ಜನ ಕೂಗಿದರು. ಉಳಿದದ್ದೆಲ್ಲ ಸರಿಯಿದೆ ಅಂತ ಅವರಿಗೆ ಅದರಿಂದಲೇ ಧೈರ್ಯ ಬಂದಿರಬೇಕು.

ಬಟ್ಟೆಯನ್ನು ಒಂದೊಂದಾಗಿ ಇಟ್ಟರೆ ಅಂಚೆ ಖರ್ಚೇ ಬಟ್ಟೆಯನ್ನು ನುಂಗುತ್ತದೆ. ಒಂದೇ ಅಳತೆಯ ಹತ್ತು ಹನ್ನೆರಡು ಸೇರಿಸಿ ಒಂದು ಗಂಟು ಮಾಡಿ. ‘ಆರು ತಿಂಗಳು’ ಎನ್ನುವ ಲೇಬಲ್ ಒಂದೊಂದು ಕಂಪನಿಯಲ್ಲಿ ಒಂದೊಂದು ಗಾತ್ರ. 62, 68, 74 ಅಂತ ಬರೆದಿದ್ದರೆ ಅದು ಮಗುವಿನ ಉದ್ದ, ಸೆಂ.ಮೀ. ಲೆಕ್ಕ; ಅದನ್ನೇ ಹಾಕಿ. ಎರಡೂ ಇಲ್ಲದಿದ್ದರೆ ಹೆಗಲಿನಿಂದ ಅಂಚಿನವರೆಗೆ ಟೇಪು ಹಿಡಿದು ಬರೆಯಿರಿ.

ಇನ್ನು ಹರಾಜಿನ ಲೆಕ್ಕ. ನನಗೆ ಇದು ಅರ್ಥವಾಗಲು ಬಹಳ ದಿನ ಹಿಡಿಯಿತು. ಕಟ್ಟೆಯ ಮೇಲೆ ನಿಂತು ಒಂದು ಸಾರಿ, ಎರಡು ಸಾರಿ ಎನ್ನುವ ಹರಾಜಿನಂತಲ್ಲ ಇದು. ಕೊಳ್ಳುವವರು ತಮ್ಮ ಕೊನೆಯ ಮಾತನ್ನು ಗುಟ್ಟಾಗಿ ಬರೆದಿಡುತ್ತಾರೆ. ಯಂತ್ರ ಅವರ ಪರವಾಗಿ ಎದುರಿನವರಿಗಿಂತ ಒಂದೇ ಮೆಟ್ಟಿಲು ಮೇಲೆ ಕೂಗುತ್ತಾ ಹೋಗುತ್ತದೆ. ಅಂದರೆ ನಿಮಗೆ ಸಿಗುವ ಬೆಲೆಯನ್ನು ನಿಜವಾಗಿ ತೀರ್ಮಾನಿಸುವವರು ಗೆದ್ದವರಲ್ಲ, ಸೋತ ಎರಡನೆಯವರು. ಇಂಥ ಹರಾಜಿನ ಲೆಕ್ಕಾಚಾರವನ್ನು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲೇ ಬಿಡಿಸಿ ಬರೆದಿದ್ದರಂತೆ, ಅವರಿಗೆ 1996ರಲ್ಲಿ ನೊಬೆಲ್ ಬಂತು ಅಂತ ಮೊಮ್ಮಗಳು ಓದಿ ಹೇಳಿದಳು. ನಮಗೆ ಬೇಕಾದದ್ದು ಇಷ್ಟು: ಬೇಕೆನ್ನುವವರು ಕನಿಷ್ಠ ಇಬ್ಬರಿದ್ದರೆ ಮಾತ್ರ ಹರಾಜಿಗೆ ಅರ್ಥ. ಹೆಸರಾಂತ ಕಂಪನಿಯ ಸ್ಟ್ರಾಲರ್, ಮಗು ಹೊತ್ತೊಯ್ಯುವ ಚೀಲ, ಗಟ್ಟಿ ಮರದ ಆಟಿಕೆ, ಎತ್ತರದ ಊಟದ ಕುರ್ಚಿ ಇಂಥವಕ್ಕೆ ಕಡಿಮೆ ಬೆಲೆಯಿಂದ ಶುರುಮಾಡಿದರೂ ಜನ ತಾವೇ ಏರಿಸುತ್ತಾರೆ. ಅಪರೂಪದ ರುಚಿಯ ವಸ್ತುವಿಗೆ ಒಬ್ಬರೇ ಬಂದರೆ ಶುರುವಿನ ಬೆಲೆಗೇ ಕೊಟ್ಟುಬಿಡಬೇಕಾಗುತ್ತದೆ. ಅದಕ್ಕೆ ನಿಗದಿ ಬೆಲೆಯೇ ಸರಿ. ಇಷ್ಟಕ್ಕಿಂತ ಕೆಳಗೆ ಕೊಡಲಾರೆ ಎನ್ನುವ ವಸ್ತುವಿಗೆ ಶುರುವಿನ ಬೆಲೆಯೇ ಆ ‘ಇಷ್ಟು’ ಆಗಿರಲಿ. ತಮ್ಮನ ಕೈಲಿ ಸುಳ್ಳು ಸವಾಲು ಕೂಗಿಸಿ ಏರಿಸೋಣ ಎನ್ನುವ ಬುದ್ಧಿ ಬೇಡ. ಅದು ಮೋಸ, ಸಿಕ್ಕಿಬಿದ್ದರೆ ಖಾತೆಯೇ ಹೋಗುತ್ತದೆ.

ಏಳು ದಿನ ಇಡಿ, ನಡುವೆ ಒಂದು ವಾರಾಂತ್ಯ ಸಿಗುತ್ತದೆ. ಮುಗಿಯುವ ಗಳಿಗೆ ರಾತ್ರಿ ಒಂಬತ್ತರ ಆಚೀಚೆ ಇರಲಿ. ಎಳೆಮಕ್ಕಳ ತಾಯಂದಿರಿಗೆ ಎರಡೂ ಕೈ ಬಿಡುವಾಗುವುದು ಆಗಲೇ. ಕೊನೆಯ ಕೆಲವು ಸೆಕೆಂಡುಗಳಲ್ಲಿ ಹಾರಿ ಬರುವವರು ಬಹಳ, ಹಾಗಾಗಿ ಆರು ದಿನ ಯಾರೂ ಕೂಗಲಿಲ್ಲ ಅಂತ ಹೆದರಿ ಇಳಿಸಬೇಡಿ.

ನಾನು ಕೈ ಸುಟ್ಟುಕೊಂಡದ್ದು ಸಾಗಣೆಯಲ್ಲಿ. ಸ್ಟ್ರಾಲರ್ ಎಂಟು ಕೆಜಿ ಇತ್ತು, ಅಷ್ಟರ ಲೆಕ್ಕದಲ್ಲಿ ‘ಸಾಗಣೆ ಉಚಿತ’ ಅಂತ ಬರೆದೆ. ಕೊರಿಯರಿನವರು ಪೆಟ್ಟಿಗೆಗೆ ಟೇಪು ಹಿಡಿದರು. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಗಾತ್ರದ ತೂಕ ಜಾಸ್ತಿಯಿದ್ದರೆ ಅದಕ್ಕೇ ಹಣವಂತೆ. ನನ್ನ ಪೆಟ್ಟಿಗೆ 60, 40, 40. ಲೆಕ್ಕ ಹಾಕಿ ನೋಡಿ, 19 ಕೆಜಿ ದಾಟುತ್ತದೆ. ಬಂದ ಹಣದಲ್ಲಿ ಮುಕ್ಕಾಲು ಅಲ್ಲಿಗೇ ಹೋಯಿತು. ಈಗ ಪೆಟ್ಟಿಗೆ ಕಟ್ಟಿ, ಅಳೆದು, ಆಮೇಲೆ ಲಿಸ್ಟಿಂಗ್ ಬರೆಯುತ್ತೇನೆ. ಮಂಚ, ಕುರ್ಚಿಯಂಥವಕ್ಕೆ ‘ಬಂದು ಒಯ್ಯಬೇಕು’ ಅಂತಲೇ ಹಾಕುತ್ತೇನೆ, ಬರುವಾಗ ಮನೆಯಲ್ಲಿ ಇನ್ನೊಬ್ಬರು ಇರುವಂತೆ ನೋಡಿಕೊಳ್ಳುತ್ತೇನೆ. ಬಿಚ್ಚಿದ ಸ್ಕ್ರೂಗಳನ್ನು ಎಣಿಸಿ ಚೀಲಕ್ಕೆ ಹಾಕಿ ಚೌಕಟ್ಟಿಗೇ ಅಂಟಿಸಿ. ತಪ್ಪಿದ ಒಂದೇ ಸ್ಕ್ರೂನಿಂದ ಇಡೀ ಮಂಚ ವಾಪಸ್ ಬಂದದ್ದಿದೆ.

ಹಣದ ವಿಷಯ ಚಿಕ್ಕದು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಓಟಿಪಿ ಹೇಳಬೇಕಾಗಿಲ್ಲ. ‘ಹೆಚ್ಚು ಕಳಿಸಿಬಿಟ್ಟೆ, ಮಿಕ್ಕದ್ದು ವಾಪಸ್ ಹಾಕಿ’ ಎಂದವರು, ‘ಆ್ಯಪ್ ಬೇಡ, ಹೊರಗೇ ಮುಗಿಸೋಣ’ ಎಂದವರು ಕೊಳ್ಳುವವರಲ್ಲ. ಖಾತೆಯಲ್ಲಿ ಹಣ ಕಂಡ ಮೇಲೆ ಪೆಟ್ಟಿಗೆ ಹೊರಡಲಿ. ಮುಚ್ಚುವ ಮುಂಚೆ ಒಳಗಿರುವುದರ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ರಸೀದಿಯನ್ನೂ ಎಸೆಯಬೇಡಿ.

ಹೋಗದೆ ಉಳಿದದ್ದನ್ನು ಬೆಲೆ ಇಳಿಸಿ, ಮೊದಲ ಫೋಟೊ ಬದಲಿಸಿ ಇನ್ನೊಮ್ಮೆ ಇಡುತ್ತೇನೆ. ಆಗಲೂ ಯಾರೂ ಕೂಗದಿದ್ದರೆ ಕೇಳಿದವರಿಗೆ ಕೊಟ್ಟುಬಿಡುತ್ತೇನೆ. ಮತ್ತೆ ಅಟ್ಟ ಹತ್ತಿಸುವುದಿಲ್ಲ. ಆಯುಷ್ಯ ಮುಗಿದ ಕಾರ್ ಸೀಟನ್ನು ಮಾತ್ರ ಯಾರಿಗೂ ಕೊಡುವ ಹಾಗಿಲ್ಲ, ಸುಮ್ಮನೆ ಕಸಕ್ಕೆ ಹಾಕುವ ಹಾಗೂ ಇಲ್ಲ, ಚೆನ್ನಾಗಿದೆಯಲ್ಲ ಅಂತ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಕತ್ತರಿಯಿಂದ ಬೆಲ್ಟುಗಳನ್ನೆಲ್ಲ ಕತ್ತರಿಸಿ, ‘ಬಳಸಬೇಡಿ’ ಅಂತ ಬೆನ್ನ ಮೇಲೆ ದಪ್ಪಕ್ಷರದಲ್ಲಿ ಬರೆದು, ಆಮೇಲೆ ಹೊರಗಿಡಿ.